ಆಕಾಶದ ದೀಪಸ್ತಂಭಗಳು

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ಊರುಗಳೂ ಕಡಲನ್ನು ನಂಬಿ ಬೆಳೆದವು. ವಿಜಯನಗರದ ಅರಸರಿಗಾಗಿ ತಂದ ಅರಬ್ಬೀ ಕುದುರೆಗಳು ಬಂದಿಳಿಯುತ್ತಿದ್ದ ರೇವುಗಳಲ್ಲಿ ಭಟ್ಕಳವೂ ಒಂದು. ಶರಾವತಿಯ ಅಳಿವೆಯಲ್ಲಿರುವ ಹೊನ್ನಾವರಕ್ಕೆ ಹದಿನಾಲ್ಕನೆಯ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಬಂದು ಹೋಗಿದ್ದನು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಹಡಗನ್ನೇರುತ್ತಿದ್ದುದು ಕುಮಟೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ವಿದೇಶೀ ಪೇಟೆಗಳಲ್ಲಿ ಆ ಹತ್ತಿಗೆ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತ್ತು. ಮೂರು ಕಡೆಗಳಲ್ಲಿಯೂ ದೀಪಸ್ತಂಭಗಳಿವೆ.

ಕತ್ತಲೆಯಲ್ಲಿ ಕಡಲ ಮೇಲಿರುವ ನಾವಿಕನಿಗೆ ದೂರದಲ್ಲಿ ಒಂದು ಬೆಳಕು ಮಿನುಗಿ ಮಾಯವಾಗುವುದು ಕಾಣಿಸುತ್ತದೆ. ಅದು ಯಾವ ಊರಿನದೆಂದು ಅವನು ತಿಳಿಯುವುದು ಹೇಗೆ? ಗೋಪುರ ಕಾಣದು, ಗುಡ್ಡ ಕಾಣದು. ಅವನು ಮಾಡುವುದು ಒಂದೇ ಕೆಲಸ: ಎಣಿಸುವುದು. ಒಂದು ಮಿನುಗಿಗೂ ಮತ್ತೊಂದಕ್ಕೂ ನಡುವೆ ಎಷ್ಟು ಸೆಕೆಂಡುಗಳು ಕಳೆದುವೆಂದು ನೋಡಿ, ತನ್ನಲ್ಲಿರುವ ದೀಪಗಳ ಪಟ್ಟಿಯೊಡನೆ ಹೋಲಿಸಿದರೆ ಊರಿನ ಹೆಸರು ಸಿಕ್ಕಿತು. ಇರುಳಿನಲ್ಲಿ ದೀಪಸ್ತಂಭಕ್ಕೆ ಅದರ ಕಾಲದ ಅಂತರವೇ ಹೆಸರು. ತಿರುಗುವ ದೀಪವಾದರೆ ಇನ್ನೊಂದು ಸೋಜಿಗ: ದೀಪ ಆರಿ ಹೊತ್ತಿಕೊಳ್ಳುವುದೇ ಇಲ್ಲ. ಅದು ಒಂದೇ ಸಮನೆ ಉರಿಯುತ್ತಿರುತ್ತದೆ. ಬೆಳಕಿನ ಕೋಲು ಸುತ್ತಿ ಬಂದು ಕಣ್ಣಿಗೆ ತಾಕಿದಾಗ ಮಿನುಗಿದಂತೆ ತೋರುತ್ತದೆ, ಅಷ್ಟೆ.

ಆಕಾಶದಲ್ಲಿಯೂ ಇಂತಹ ದೀಪಸ್ತಂಭಗಳಿವೆ. ಇಂದಿಗೆ 3,500ಕ್ಕೂ ಹೆಚ್ಚು ಪತ್ತೆಯಾಗಿವೆ. ಅವುಗಳಿಗೆ ಪಲ್ಸಾರ್, ಅಂದರೆ ಮಿಡಿಯುವ ತಾರೆ, ಎಂದು ಹೆಸರು. ಅವುಗಳ ಮಿಡಿತ ಎಷ್ಟು ಕರಾರುವಾಕ್ಕಾದುದೆಂದರೆ, ಕೆಲವು ಪಲ್ಸಾರುಗಳನ್ನು ಅತ್ಯುತ್ತಮ ಪರಮಾಣು ಗಡಿಯಾರಗಳ ಪಕ್ಕದಲ್ಲಿ ಇಡಬಹುದು. ಆದರೆ ದೀಪ ಯಾವುದೆಂದು ಗುರುತಿಸಿದ ಮಾತ್ರಕ್ಕೆ ಗೋಪುರವನ್ನು ಯಾವ ಕಲ್ಲಿನಿಂದ ಕಟ್ಟಿದ್ದಾರೆಂದು ತಿಳಿದಂತಾಗಲಿಲ್ಲ. ಪಲ್ಸಾರಿನ ಒಡಲಲ್ಲಿರುವ ವಸ್ತು ಯಾವುದು ಎಂಬ ಪ್ರಶ್ನೆ ಐದು ದಶಕಗಳನ್ನು ದಾಟಿಯೂ ತೀರ್ಮಾನವಾಗದೆ ಉಳಿದಿದೆ.

ಕಾಗದದ ಮೇಲಿನ ಗೀಚು

1967ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬಯಲೊಂದರಲ್ಲಿ, ನಾಲ್ಕು ಎಕರೆಗೂ ಮಿಕ್ಕ ನೆಲದಲ್ಲಿ ಕಂಬಗಳನ್ನು ನೆಟ್ಟು, ತಂತಿಗಳನ್ನು ಹೂಡಿ ಒಂದು ರೇಡಿಯೋ ದೂರದರ್ಶಕವನ್ನು ಕಟ್ಟಿದರು. ಆಂಟನಿ ಹ್ಯೂವಿಷ್ ಎಂಬ ಪ್ರಾಧ್ಯಾಪಕರ ಕೈಕೆಳಗೆ ಸಂಶೋಧನೆ ನಡೆಸುತ್ತಿದ್ದ ಜೋಸೆಲಿನ್ ಬೆಲ್ ಎಂಬ ತರುಣಿ ಕಂಬ ನೆಡುವುದರಿಂದ ಹಿಡಿದು ದಾಖಲೆ ಓದುವ ತನಕ ಎಲ್ಲದರಲ್ಲಿಯೂ ಪಾಲುಗೊಂಡಿದ್ದಳು. ಯಂತ್ರ ದಿನಕ್ಕೆ ಸುಮಾರು 100 ಅಡಿ ಉದ್ದದ ಕಾಗದದ ಮೇಲೆ ಗೆರೆ ಬರೆಯುತ್ತಿತ್ತು. ಅದನ್ನೆಲ್ಲ ಕಣ್ಣಿನಿಂದಲೇ ಓದಬೇಕು. ಆ ಉದ್ದನೆಯ ಕಾಗದದಲ್ಲಿ ಅಂಗುಲಕ್ಕೂ ಕಡಿಮೆ ಜಾಗದಲ್ಲಿ ಬಂದ ಒಂದು ಗೀಚನ್ನು ಅವಳು ಅಲಕ್ಷಿಸಲಿಲ್ಲ. ಆಕಾಶದ ಒಂದೇ ಸ್ಥಳದಿಂದ ಅದು ಮತ್ತೆ ಮತ್ತೆ ಬರುತ್ತಿತ್ತು.

ಆ ವರ್ಷದ ನವೆಂಬರ್ 28ರಂದು ಕಾಗದವನ್ನು ವೇಗವಾಗಿ ಓಡಿಸಿ ನೋಡಿದಾಗ ಗೀಚು ಬಿಡಿಬಿಡಿಯಾಗಿ ತೆರೆದುಕೊಂಡಿತು. ಮಿಡಿತ, ಬಿಡುವು, ಮತ್ತೆ ಮಿಡಿತ, ಬಿಡುವು. ಎರಡು ಮಿಡಿತಗಳ ನಡುವಣ ಅಂತರ 1.337 ಸೆಕೆಂಡು, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲ. ನಕ್ಷತ್ರಗಳು ಹೀಗೆ ಲೆಕ್ಕವಿಟ್ಟು ಮಿಡಿಯುವುದನ್ನು ಯಾರೂ ಕೇಳಿರಲಿಲ್ಲ. ಬೇರೆ ಲೋಕದ ಜೀವಿಗಳು ಕಳುಹಿಸಿದ ಸಂಕೇತವಿರಬಹುದೇ ಎಂಬ ಶಂಕೆಯೂ ಸುಳಿಯಿತು. ‘ಚಿಕ್ಕ ಹಸುರು ಮನುಷ್ಯರು’ ಎಂದು ತಮಾಷೆಯ ಹೆಸರನ್ನೂ ಇಟ್ಟರು. ಆದರೆ ಡಿಸೆಂಬರಿನಲ್ಲಿ ಆಕಾಶದ ಇನ್ನೊಂದು ಮೂಲೆಯಲ್ಲಿ ಅಂತಹದೇ ಮತ್ತೊಂದು ಮಿಡಿತವನ್ನು ಬೆಲ್ ಕಂಡುಹಿಡಿದಾಗ ಶಂಕೆ ಕರಗಿತು. ಎರಡು ಕಡೆಯ ಜೀವಿಗಳು ಒಂದೇ ಕಾಲದಲ್ಲಿ ಭೂಮಿಯ ಕಡೆಗೇ ಸಂಕೇತ ಕಳುಹಿಸುವುದುಂಟೆ? ಇದು ಪ್ರಕೃತಿಯದೇ ಕೆಲಸ. 1968ರ ಫೆಬ್ರವರಿಯಲ್ಲಿ ಸುದ್ದಿ ಲೋಕಕ್ಕೆಲ್ಲ ತಿಳಿಯಿತು. 1974ರಲ್ಲಿ ಈ ಶೋಧಕ್ಕಾಗಿ ನೊಬೆಲ್ ಬಹುಮಾನ ಬಂದಾಗ ಅದರಲ್ಲಿ ಹ್ಯೂವಿಷರ ಹೆಸರಿತ್ತು, ಬೆಲ್ಲಳ ಹೆಸರಿರಲಿಲ್ಲ. 2018ರಲ್ಲಿ ಆಕೆಗೆ 30 ಲಕ್ಷ ಡಾಲರುಗಳ ಬೇರೊಂದು ಪುರಸ್ಕಾರ ದೊರೆಯಿತು. ಅದನ್ನು ಆಕೆ ವಿದ್ಯಾರ್ಥಿಗಳ ವೇತನಕ್ಕೆಂದು ದಾನ ಮಾಡಿಬಿಟ್ಟರು.

ತಿರುಗುತ್ತಿರುವುದು ಏನು?

ಇಷ್ಟು ಬೇಗ, ಇಷ್ಟು ಕ್ರಮವಾಗಿ ಮಿಡಿಯಲು ಸಾಧ್ಯವಾದ ವಸ್ತು ಯಾವುದು? 1968ರಲ್ಲಿ ಥಾಮಸ್ ಗೋಲ್ಡ್ ಎಂಬ ವಿಜ್ಞಾನಿ ಉತ್ತರ ಕೊಟ್ಟನು: ಅದು ಗಿರ್ರನೆ ತಿರುಗುತ್ತಿರುವ ನ್ಯೂಟ್ರಾನ್ ನಕ್ಷತ್ರ, ಮಿಡಿತವೆಂದು ತೋರುವುದು ದೀಪಸ್ತಂಭದ ಕೋಲಿನಂತೆ ಸುತ್ತಿ ಬರುವ ರೇಡಿಯೋ ಕಿರಣ. ಅದೇ ವರ್ಷ ವೃಷಭರಾಶಿಯ ಏಡಿ ನೀಹಾರಿಕೆಯ ನಡುವೆ ಒಂದು ಪಲ್ಸಾರು ಸಿಕ್ಕಿತು. ಅದು ಸೆಕೆಂಡಿಗೆ ಸುಮಾರು 30 ಬಾರಿ ತಿರುಗುತ್ತದೆ. ಭೂಮಿಯಷ್ಟು ದೊಡ್ಡ ಗೋಳವಾಗಿದ್ದರೆ ಆ ವೇಗಕ್ಕೆ ಚೂರುಚೂರಾಗಿ ಸಿಡಿದು ಹೋಗುತ್ತಿತ್ತು. ಗೋಲ್ಡನ ಊಹೆ ನಿಜವಾದರೆ ಪಲ್ಸಾರಿನ ತಿರುಗಾಟ ಮೆಲ್ಲಮೆಲ್ಲನೆ ನಿಧಾನವಾಗಬೇಕಾಗಿತ್ತು, ಆಗಿಯೂ ಇತ್ತು. ಏಡಿಯ ಪಲ್ಸಾರಿನ ಒಂದು ಸುತ್ತಿನ ಕಾಲ ದಿನಕ್ಕೆ ಸೆಕೆಂಡಿನ 100 ಕೋಟಿಯಲ್ಲಿ ಸುಮಾರು 36 ಭಾಗದಷ್ಟು ಹೆಚ್ಚುತ್ತದೆ. ಹೀಗೆ ಅದು ಕಳೆದುಕೊಳ್ಳುವ ಶಕ್ತಿಯೂ ಸುತ್ತಣ ನೀಹಾರಿಕೆ ಬೆಳಗಲು ಬೇಕಾದ ಶಕ್ತಿಯೂ ತಾಳೆಯಾದುವು. ವಾದ ಅಲ್ಲಿಗೆ ಮುಗಿಯಿತು.

ಏಡಿ ನೀಹಾರಿಕೆಯ ಪೂರ್ವಕಥೆ ಇನ್ನೂ ಹಳೆಯದು. ಕ್ರಿ. ಶ. 1054ರಲ್ಲಿ ಆ ಸ್ಥಳದಲ್ಲಿ ಒಂದು ಹೊಸ ನಕ್ಷತ್ರ ಹಗಲಿನಲ್ಲಿಯೂ ಕಾಣುವಷ್ಟು ಪ್ರಖರವಾಗಿ ಬೆಳಗಿತೆಂದು ಚೀನೀಯರು ಬರೆದಿಟ್ಟಿದ್ದಾರೆ. ಅದು ಹುಟ್ಟಲ್ಲ, ಸಾವು. ಸೂರ್ಯನಿಗಿಂತ ಎಂಟು ಹತ್ತು ಪಾಲು ಅಥವಾ ಅದಕ್ಕೂ ಭಾರವಾದ ನಕ್ಷತ್ರದ ಒಡಲಿನಲ್ಲಿ ಉರುವಲು ಮುಗಿದಾಗ ಅದರ ತಿರುಳು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಹೊರಗಿನ ಪದರ ಸಿಡಿದು ಹೋಗುತ್ತದೆ. ಕುಸಿದ ತಿರುಳಿನಲ್ಲಿ ಇಲೆಕ್ಟ್ರಾನುಗಳು ಪ್ರೋಟಾನುಗಳೊಳಗೆ ಒತ್ತಲ್ಪಟ್ಟು ನ್ಯೂಟ್ರಾನುಗಳಾಗುತ್ತವೆ. ನ್ಯೂಟ್ರಾನ್ ಕಣವನ್ನು ಚಾಡ್ವಿಕ್ ಕಂಡುಹಿಡಿದದ್ದು 1932ರಲ್ಲಿ. ಎರಡೇ ವರ್ಷಗಳ ಒಳಗೆ ಬಾಡೆ ಮತ್ತು ಜ್ವಿಕಿ ಎಂಬಿಬ್ಬರು ಇಂತಹ ನಕ್ಷತ್ರಗಳಿರಬೇಕೆಂದು ಊಹಿಸಿದ್ದರು. ಅಂದು ಅದನ್ನು ನಂಬಿದವರು ಕಡಿಮೆ.

ತಿರುಗಾಟಕ್ಕೆ ಇಷ್ಟು ವೇಗ ಎಲ್ಲಿಂದ ಬಂತು? ಹೊನ್ನಾವರ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಯಕ್ಷಗಾನದ ವೇಷಧಾರಿ ಕೈ ಚಾಚಿ ಗಿರಕಿ ಹೊಡೆಯುತ್ತಿರುವಾಗ ಕೈಗಳನ್ನು ಮೈಗೆ ಸೆಳೆದುಕೊಂಡರೆ ಗಿರಕಿಯ ವೇಗ ತಾನಾಗಿಯೇ ಏರುತ್ತದೆ. ಸಾವಿರಾರು ಕಿಲೋಮೀಟರು ಅಗಲದ ತಿರುಳು ಇಪ್ಪತ್ತೈದು ಕಿಲೋಮೀಟರಿಗೆ ಸೆಳೆದುಕೊಂಡರೆ ವೇಗ ಎಷ್ಟು ಏರಬೇಡ! ಅದರ ಕಾಂತಶಕ್ತಿಯೂ ಹಾಗೆಯೇ ಅಡಕಗೊಂಡು ಭೂಮಿಯ ಕಾಂತಕ್ಷೇತ್ರದ ಲಕ್ಷ ಕೋಟಿ ಪಾಲಿಗೆ ಮುಟ್ಟುತ್ತದೆ. ಆ ಕಾಂತಧ್ರುವಗಳಿಂದ ಹೊರಡುವ ಕಿರಣವೇ ದೀಪಸ್ತಂಭದ ಕೋಲು.

ಹಾಯಿಯ ಮನುಷ್ಯ, ಹಾಯಿಯ ಪಲ್ಸಾರು

ಕಿರಣ ಕಾಂತಧ್ರುವದಿಂದಲೇ ಹೊರಡುತ್ತದೆ ಎನ್ನಲು ಆಧಾರವೇನು? ಇಲ್ಲಿ ಕರ್ನಾಟಕಕ್ಕೆ ಸಂಬಂಧಪಟ್ಟ ಒಬ್ಬರ ಹೆಸರು ಬರುತ್ತದೆ. ಸರ್ ಸಿ. ವಿ. ರಾಮನ್ ಅವರ ಮಗ ವಿ. ರಾಧಾಕೃಷ್ಣನ್ ಅವರಿಗೆ ರೇಡಿಯೋ ಖಗೋಳವಿಜ್ಞಾನದಷ್ಟೇ ಪ್ರಿಯವಾದುದು ಹಾಯಿದೋಣಿ. 1960ರ ದಶಕದ ನಡುವೆ ಅವರು ಆಸ್ಟ್ರೇಲಿಯದಲ್ಲಿ ಕೆಲಸಕ್ಕೆ ಸೇರಲು ಹೋದದ್ದೂ ಪುಟ್ಟ ಹಾಯಿದೋಣಿಯೊಂದರಲ್ಲಿ ಸಾಗರಗಳನ್ನು ದಾಟಿ. ಅಲ್ಲಿನ ಪಾರ್ಕ್ಸ್ ಎಂಬ ಊರಿನಲ್ಲಿ 64 ಮೀಟರು ಅಗಲದ ರೇಡಿಯೋ ದೂರದರ್ಶಕವಿದೆ. ಅದನ್ನು ಅವರು 1969ರಲ್ಲಿ ತಿರುಗಿಸಿದ್ದು ವೇಲಾ ಪುಂಜದ ಪಲ್ಸಾರಿನ ಕಡೆಗೆ. ವೇಲಾ ಎಂದರೆ ಹಾಯಿ ಎಂದೇ ಅರ್ಥ. ಮಾರ್ಚ್ ತಿಂಗಳ ನಡುವೆ ರಾತ್ರಿ ಒಂಬತ್ತರ ಸುಮಾರಿಗೆ ಭಟ್ಕಳದ ಕರೆಯಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ, ಅಗಸ್ತ್ಯ ನಕ್ಷತ್ರದಿಂದ ಪೂರ್ವಕ್ಕೆ, ದಿಗಂತದಿಂದ ಮೂವತ್ತು ಡಿಗ್ರಿಗಳಷ್ಟು ಎತ್ತರದಲ್ಲಿ ಆ ಪುಂಜ ಹರಡಿಕೊಂಡಿರುತ್ತದೆ. ಪಲ್ಸಾರು ಮಾತ್ರ ಬರಿಗಣ್ಣಿಗೆ ಕಾಣುವಂತಹದಲ್ಲ. ಸುಮಾರು 1,000 ಜ್ಯೋತಿರ್ವರ್ಷ ದೂರದಲ್ಲಿರುವ ಅದು ಸೆಕೆಂಡಿಗೆ ಹನ್ನೊಂದು ಸುತ್ತು ಸುತ್ತುತ್ತದೆ.

ರೇಡಿಯೋ ಅಲೆಗಳು ಯಾವ ದಿಕ್ಕಿನಲ್ಲಿ ಅದುರುತ್ತವೆ ಎಂಬುದನ್ನು ರಾಧಾಕೃಷ್ಣನ್ ಅವರೂ ಕುಕ್ ಎಂಬ ಸಹೋದ್ಯೋಗಿಯೂ ಅಳೆದರು. ಪ್ರತಿಯೊಂದು ಮಿಡಿತದೊಳಗೂ ಆ ದಿಕ್ಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಯವಾಗಿ ಹೊರಳುತ್ತಿತ್ತು. ಬಿಡಿಸಿದ ಕೊಡೆಯೊಂದು ಕಣ್ಣ ಮುಂದೆ ಅಡ್ಡವಾಗಿ ಸರಿದು ಹೋದರೆ ಅದರ ಕಡ್ಡಿಗಳು ಒಂದೊಂದಾಗಿ ದಿಕ್ಕು ಬದಲಿಸಿದಂತೆ ತೋರುತ್ತವಲ್ಲವೆ? ಕಾಂತಧ್ರುವದಿಂದ ನಾಲ್ಕೂ ಕಡೆಗೆ ಚಾಚಿದ ಬಲರೇಖೆಗಳು ಹಾಗೆ ಸರಿದು ಹೋಗುತ್ತಿದ್ದುವು. ದೀಪ ಧ್ರುವದ ಮೇಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾಗಿರಲಿಲ್ಲ. ಪಲ್ಸಾರುಗಳ ಅಧ್ಯಯನದಲ್ಲಿ ಇಂದಿಗೂ ಎಲ್ಲರೂ ಮೊದಲು ಹಿಡಿಯುವ ಚಿತ್ರ ಅದೇ.

ಅದೇ ವರ್ಷ ಫೆಬ್ರವರಿಯ ಕೊನೆಗೂ ಮಾರ್ಚಿನ ಮೊದಲಿಗೂ ನಡುವೆ ವೇಲಾ ಪಲ್ಸಾರು ಇನ್ನೊಂದು ಅಚ್ಚರಿಯನ್ನು ತೋರಿತು. ದಿನದಿನಕ್ಕೂ ನಿಧಾನವಾಗಬೇಕಾದ ನಕ್ಷತ್ರ ಇದ್ದಕ್ಕಿದ್ದಂತೆ ಚುರುಕಾಯಿತು! ಒಂದು ಸುತ್ತಿನ ಕಾಲ ಸೆಕೆಂಡಿನ 50 ಲಕ್ಷದಲ್ಲಿ ಸುಮಾರು ಒಂದು ಭಾಗದಷ್ಟು ಕಡಿಮೆಯಾಗಿತ್ತು. ರಾಧಾಕೃಷ್ಣನ್ ಮತ್ತು ಮ್ಯಾಂಚೆಸ್ಟರ್ ಎಂಬಿಬ್ಬರೂ ಅಮೆರಿಕದ ಇನ್ನೊಂದು ತಂಡವೂ ಬೇರೆಬೇರೆಯಾಗಿ ಇದನ್ನು ಹಿಡಿದರು. ಅಂತಹ ಅಲ್ಪ ವ್ಯತ್ಯಾಸಕ್ಕೇಕೆ ಇಷ್ಟು ಮಹತ್ವ? ತೆಂಗಿನಕಾಯಿ ಕೊಳ್ಳುವವರು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸುವುದಿಲ್ಲವೆ? ಒಡೆಯದೆಯೇ ಒಳಗಿನ ನೀರು ಗೊತ್ತಾಗುತ್ತದೆ. ಪಲ್ಸಾರಿನ ಈ ಜಿಗಿತವೂ ಹಾಗೆಯೇ. ಹೊರಗೆ ಗಟ್ಟಿ ಚಿಪ್ಪು, ಒಳಗೆ ತಡೆಯಿಲ್ಲದೆ ಹರಿಯುವ ನ್ಯೂಟ್ರಾನುಗಳ ದ್ರವ; ಚಿಪ್ಪು ನಿಧಾನವಾಗುತ್ತಾ ಬಂದರೂ ಒಳಗಿನ ದ್ರವ ಹಳೆಯ ವೇಗದಲ್ಲಿಯೇ ಸುತ್ತುತ್ತಿದ್ದು, ಒಮ್ಮೆಗೇ ತನ್ನ ವೇಗದಲ್ಲಿ ಒಂದಂಶವನ್ನು ಚಿಪ್ಪಿಗೆ ಒಪ್ಪಿಸುತ್ತದೆ. ಬಹುಮಂದಿ ವಿಜ್ಞಾನಿಗಳು ಒಪ್ಪುವ ವಿವರಣೆ ಇದು.

1970ರಲ್ಲಿ ರಾಮನ್ ತೀರಿಕೊಂಡ ಬಳಿಕ, 1972ರಲ್ಲಿ ರಾಧಾಕೃಷ್ಣನ್ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. 1994ರ ತನಕ ಆ ಸ್ಥಾನದಲ್ಲಿದ್ದರು. ಆ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಕೂಡಿ ಗೌರಿಬಿದನೂರಿನಲ್ಲಿ ಸಾವಿರ ಆಂಟೆನಾಗಳ ದೂರದರ್ಶಕವನ್ನು ಕಟ್ಟಿದುವು. ಅತಿ ದೀರ್ಘವಾದ ರೇಡಿಯೋ ಅಲೆಗಳಲ್ಲಿ ಪಲ್ಸಾರುಗಳ ಮಿಡಿತವನ್ನು ಅಲ್ಲಿ ಹಿಡಿದರು. 1982ರಲ್ಲಿ ಸೆಕೆಂಡಿಗೆ 642 ಸುತ್ತು ಸುತ್ತುವ ಪಲ್ಸಾರೊಂದು ಪತ್ತೆಯಾಗಿ ಲೋಕವೇ ಬೆರಗಾದಾಗ, ಅದು ಮುದಿಯಾದ ಪಲ್ಸಾರೆಂದೂ ಜೊತೆಯ ನಕ್ಷತ್ರದಿಂದ ಸುರಿದ ದ್ರವ್ಯವೇ ಅದನ್ನು ಮತ್ತೆ ಬುಗುರಿಯಂತೆ ತಿರುಗಿಸಿತೆಂದೂ ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ರಾಧಾಕೃಷ್ಣನ್ 2011ರ ಮಾರ್ಚ್ 3ರಂದು ನಿಧನರಾದರು.

ಗೋಡೆಗಳು ಉರುಳಿದರೆ

ಈಗ ಗೋಪುರದ ಕಲ್ಲಿನ ವಿಚಾರ. ಸೂರ್ಯನ ಸುಮಾರು ಒಂದೂವರೆ ಪಾಲು ದ್ರವ್ಯ, 23ರಿಂದ 26 ಕಿಲೋಮೀಟರು ವ್ಯಾಸದ ಗೋಳದಲ್ಲಿ ಅಡಕವಾಗಿದೆ. ಹಕ್ಕಿ ಹಾರುವ ನೇರದಲ್ಲಿ ಕುಮಟೆಯಿಂದ ಹೊನ್ನಾವರಕ್ಕೆ ಸುಮಾರು 17 ಕಿಲೋಮೀಟರು. ಹೊನ್ನಾವರದಿಂದ ಭಟ್ಕಳಕ್ಕೆ ಸುಮಾರು 35. ಅಂದರೆ ಗೋಳದ ಒಂದು ಅಂಚನ್ನು ಕುಮಟೆಯಲ್ಲಿಟ್ಟರೆ, ಇನ್ನೊಂದು ಅಂಚು ಹೊನ್ನಾವರವನ್ನೂ ಶರಾವತಿಯನ್ನೂ ದಾಟಿ, ಅಪ್ಸರಕೊಂಡವನ್ನು ಕಳೆದು, ಮಂಕಿಯ ಸಮೀಪಕ್ಕೆ ಬರುತ್ತದೆ. ಭಟ್ಕಳದ ತನಕ ಬರುವ ಮಾತೇ ಇಲ್ಲ. ಅದರ ದ್ರವ್ಯ ಒಂದು ಕಡಲೆಕಾಳಿನಷ್ಟು ಸಿಕ್ಕರೆ ಅದರ ತೂಕ ಹತ್ತು ಕೋಟಿ ಟನ್ನುಗಳಿಗೂ ಮಿಕ್ಕು.

ಇಂತಹ ಒತ್ತಡದಲ್ಲಿ ನ್ಯೂಟ್ರಾನು ನ್ಯೂಟ್ರಾನಾಗಿಯೇ ಉಳಿಯಬಲ್ಲುದೆ? 1964ರಲ್ಲಿ ಗೆಲ್‌ಮನ್ ಮತ್ತು ಜ್ವೈಗ್ ಎಂಬಿಬ್ಬರು ಪ್ರೋಟಾನು, ನ್ಯೂಟ್ರಾನುಗಳೂ ಮೂಲಕಣಗಳಲ್ಲವೆಂದೂ ಪ್ರತಿಯೊಂದರಲ್ಲಿಯೂ ಮೂರು ಮೂರು ಚಿಕ್ಕ ಕಣಗಳಿವೆಯೆಂದೂ ಸೂಚಿಸಿದರು. ಗೆಲ್‌ಮನ್ ಅವುಗಳಿಗೆ ಕ್ವಾರ್ಕ್ ಎಂದು ಹೆಸರಿಟ್ಟನು. ಅವುಗಳಲ್ಲಿ ‘ಅಪ್’, ‘ಡೌನ್’ ಎಂಬ ಎರಡು ಬಗೆಯವು ಎಲ್ಲ ಸಾಮಾನ್ಯ ವಸ್ತುಗಳಲ್ಲಿಯೂ ಇವೆ. ಕ್ವಾರ್ಕ್ ಎಂದೂ ಒಂಟಿಯಾಗಿ ಹೊರಗೆ ಬಾರದು. ಮೂರು ಮಂದಿ ಒಂದೊಂದು ಕೋಣೆಯಲ್ಲಿ ಕದ ಹಾಕಿಕೊಂಡು ಕುಳಿತಂತೆ. ಆದರೆ ಕೋಣೆಗಳನ್ನೆಲ್ಲ ಒಂದರೊಳಗೊಂದು ಒತ್ತಿದರೆ ಗೋಡೆಗಳು ಉರುಳಿ ಎಲ್ಲವೂ ಒಂದೇ ಛತ್ರವಾಗಬಹುದಲ್ಲವೆ? ನಕ್ಷತ್ರದ ನಡುವೆ ಹಾಗಾಗಿರಬಹುದೆಂಬ ಯೋಚನೆ 1960ರ ದಶಕದಲ್ಲಿಯೇ ಮೊದಲಾಯಿತು. 1970ರಲ್ಲಿ ಜಪಾನಿನ ಇತೋ ಎಂಬಾತನು ಪೂರ್ತಿ ಕ್ವಾರ್ಕುಗಳದೇ ನಕ್ಷತ್ರವೊಂದರ ಲೆಕ್ಕ ಹಾಕಿದನು.

ಆಗ ಮೂರನೆಯ ಬಗೆಯ ಕ್ವಾರ್ಕ್ ರಂಗಕ್ಕೆ ಬರುತ್ತದೆ. ಅದರ ಹೆಸರು ‘ಸ್ಟ್ರೇಂಜ್’, ಅಂದರೆ ವಿಚಿತ್ರ. ಮದುವೆಯ ಊಟಕ್ಕೆ ಎರಡೇ ಪಂಕ್ತಿ ಹಾಕಿದರೆ ಹತ್ತಿರದ ಎಲೆಗಳು ಬೇಗ ತುಂಬಿ, ತಡವಾಗಿ ಬಂದವರು ದೂರ ಹೋಗಿ ಕೂರಬೇಕಾಗುತ್ತದೆ. ಮೂರನೆಯ ಪಂಕ್ತಿ ಹಾಕಿದರೆ ಎಲ್ಲರಿಗೂ ಸಮೀಪದಲ್ಲಿಯೇ ಎಲೆ ಸಿಗುತ್ತದೆ. ಕ್ವಾರ್ಕುಗಳಿಗೂ ಹಾಗೆಯೇ: ಒಂದು ಬಗೆಯ ಎರಡು ಕಣಗಳು ಒಂದೇ ಸ್ಥಾನದಲ್ಲಿ ಕೂರುವಂತಿಲ್ಲ. ಮೂರನೆಯ ಬಗೆ ಸೇರಿದರೆ ಒಟ್ಟು ಶಕ್ತಿ ತಗ್ಗುತ್ತದೆ, ವ್ಯವಸ್ಥೆ ಇನ್ನಷ್ಟು ಭದ್ರವಾಗುತ್ತದೆ. ಎಷ್ಟು ಭದ್ರ? 1971ರಲ್ಲಿ ಬೋಡ್ಮರ್, 1984ರಲ್ಲಿ ವಿಟ್ಟನ್ ಎಂಬ ವಿಜ್ಞಾನಿಗಳು ಗಂಭೀರವಾದ ಒಂದು ಮಾತನ್ನು ಎತ್ತಿದರು. ಈ ವಿಚಿತ್ರದ್ರವ್ಯವೇ ಎಲ್ಲಕ್ಕಿಂತ ಭದ್ರವಾದುದಾಗಿರಬಹುದು. ಕಬ್ಬಿಣದ ಪರಮಾಣುವಿಗಿಂತಲೂ ಭದ್ರ.

ಇದರ ಅರ್ಥವನ್ನು ನಿಧಾನವಾಗಿ ಯೋಚಿಸಬೇಕು. ಇದು ನಿಜವಾದರೆ ಮನೆಯ ಕಬ್ಬಿಣದ ಬಾಣಲಿ, ಕೊರಳಿನ ಚಿನ್ನ, ಕಡಲು, ಕಲ್ಲು, ಮನುಷ್ಯನ ಮೈ ಯಾವುದೂ ದ್ರವ್ಯದ ಕೊನೆಯ ನೆಲೆಯಲ್ಲ. ಎಲ್ಲವೂ ಮೆಟ್ಟಲಿನ ನಡುವೆ ನಿಂತಿರುವ ಚೆಂಡು; ಕೆಳಗಿನ ಮೆಟ್ಟಲು ಬೇರೆಯೇ ಇದೆ. ಹಾಗಾದರೆ ಚೆಂಡು ಉರುಳುವುದಿಲ್ಲವೇಕೆ? ಉರುಳಬೇಕಾದರೆ ಒಂದು ಪರಮಾಣುವಿನ ತಿರುಳಿನಲ್ಲಿ ಹತ್ತಾರು ಕ್ವಾರ್ಕುಗಳು ಏಕಕಾಲಕ್ಕೆ ವಿಚಿತ್ರವಾಗಿ ಮಾರ್ಪಡಬೇಕು. ಅದರ ಸಂಭವ ಎಷ್ಟು ಕಡಿಮೆಯೆಂದರೆ ವಿಶ್ವದ ಆಯುಸ್ಸೇ ಅದಕ್ಕೆ ಸಾಲದು. ಆದುದರಿಂದ ಯಾರೂ ಭಯಪಡಬೇಕಾಗಿಲ್ಲ. ಆದರೆ ಪಲ್ಸಾರಿನ ಒತ್ತಡ ಸಾಮಾನ್ಯವಾದುದಲ್ಲ; ಅಲ್ಲಿ ಚೆಂಡು ಈಗಾಗಲೇ ಉರುಳಿರಬಹುದು.

ಅಂಡಿಗೆಯೋ, ಉಂಡೆಯೋ?

ನ್ಯೂಟ್ರಾನ್ ನಕ್ಷತ್ರವನ್ನೂ ಕ್ವಾರ್ಕ್ ನಕ್ಷತ್ರವನ್ನೂ ಬೇರ್ಪಡಿಸುವುದು ಹೇಗೆ? ಯಾರೂ ಅಲ್ಲಿಗೆ ಹೋಗಿ ಒಡೆದು ನೋಡಲಾರರು. ಆದರೆ ಎರಡಕ್ಕೂ ಸ್ವಭಾವದಲ್ಲಿಯೇ ಒಂದು ಭೇದವುಂಟು. ಕುಮಟೆಯಿಂದ ಹಡಗು ಹತ್ತುತ್ತಿದ್ದ ಹತ್ತಿಯ ಅಂಡಿಗೆಯನ್ನು ನೆನೆಯಿರಿ. ಅದನ್ನು ಅಡಕವಾಗಿ ಹಿಡಿದಿರುವುದು ಹೊರಗಿನ ಕಟ್ಟು. ಕಟ್ಟು ಸಡಿಲವಾದಷ್ಟೂ ಹತ್ತಿ ಉಬ್ಬುತ್ತದೆ. ನ್ಯೂಟ್ರಾನ್ ನಕ್ಷತ್ರ ಅಂತಹದು. ಅದರ ಕಟ್ಟು ಗುರುತ್ವಾಕರ್ಷಣ. ಭಾರ ಕಡಿಮೆಯಾದರೆ ಕಟ್ಟೂ ಸಡಿಲ. ಆದುದರಿಂದ ಹಗುರವಾದ ನ್ಯೂಟ್ರಾನ್ ನಕ್ಷತ್ರ ಚಿಕ್ಕದಾಗುವುದಿಲ್ಲ, ತೀರ ಹಗುರವಾದರೆ ಉಬ್ಬುತ್ತದೆ. ಬೆಲ್ಲದ ಉಂಡೆಗೆ ಕಟ್ಟು ಬೇಕಾಗಿಲ್ಲ. ಅದು ತನ್ನ ಅಂಟಿನಿಂದಲೇ ನಿಂತಿದೆ. ಅರ್ಧ ಬೆಲ್ಲಕ್ಕೆ ಚಿಕ್ಕ ಉಂಡೆ, ಇಡೀ ಬೆಲ್ಲಕ್ಕೆ ದೊಡ್ಡ ಉಂಡೆ. ವಿಚಿತ್ರದ್ರವ್ಯದ ನಕ್ಷತ್ರ ಬೆಲ್ಲದ ಜಾತಿಗೆ ಸೇರಿದುದು. ಆದುದರಿಂದ ಹಗುರವೂ ಆಗಿ, ಚಿಕ್ಕದೂ ಆದ ಒಂದು ನಕ್ಷತ್ರ ಸಿಕ್ಕರೆ ವಿಚಿತ್ರದ್ರವ್ಯಕ್ಕೆ ಬಲವಾದ ಸಾಕ್ಷಿ ಸಿಕ್ಕಂತೆ. ಎಲ್ಲವೂ ಕೊನೆಗೆ ನಿಂತಿರುವುದು ಅಳತೆಯ ಮೇಲೆ: ಗೋಳ ಕುಮಟೆಯಿಂದ ಹೊನ್ನಾವರಕ್ಕೆ ಮುಗಿಯುತ್ತದೆಯೋ, ಮಂಕಿಯ ಸಮೀಪಕ್ಕೆ ಹೋಗುತ್ತದೆಯೋ?

1998ರಲ್ಲಿ ಕೋಲ್ಕತ್ತದ ಮೀರಾ ದೇ, ಜಿಷ್ಣು ದೇ ಮತ್ತು ಅವರ ಜೊತೆಗಾರರು ಹಾಕಿದ ಲೆಕ್ಕದಲ್ಲಿ ವಿಚಿತ್ರ ನಕ್ಷತ್ರದ ತ್ರಿಜ್ಯ ಏಳೆಂಟು ಕಿಲೋಮೀಟರು ಮಾತ್ರ. ಅಂದರೆ ಗೋಳವೆಲ್ಲ ಕುಮಟೆಗೂ ಹೊನ್ನಾವರಕ್ಕೂ ನಡುವೆಯೇ ಮುಗಿಯುತ್ತದೆ. ಮರುವರ್ಷ ಅವರೂ ವಿದೇಶದ ಕೆಲವರೂ ಕೂಡಿ, ಸೆಕೆಂಡಿಗೆ 401 ಸುತ್ತು ಸುತ್ತುವ ಒಂದು ಪಲ್ಸಾರು ಅಂತಹದಿರಬಹುದೇ ಎಂದು ಕೇಳಿದರು. ಪ್ರಶ್ನೆ ಬೆಲೆಯುಳ್ಳದ್ದು, ಉತ್ತರ ಮಾತ್ರ ಸರ್ವಸಮ್ಮತವಾಗಲಿಲ್ಲ.

2002ರ ಏಪ್ರಿಲ್‌ನಲ್ಲಿ ಸುದ್ದಿ ಪತ್ರಿಕೆಗಳ ಮುಖಪುಟವನ್ನೇ ಏರಿತು. ಸುಮಾರು 400 ಜ್ಯೋತಿರ್ವರ್ಷ ದೂರದಲ್ಲಿರುವ ‘ಆರ್‌ಎಕ್ಸ್ ಜೆ 1856’ ಎಂಬ ನಕ್ಷತ್ರವನ್ನು ಚಂದ್ರ ಎಂಬ ಕ್ಷಕಿರಣ ದೂರದರ್ಶಕದಿಂದ ನೋಡಿದಾಗ ಅದರ ವ್ಯಾಸ ಸುಮಾರು 11 ಕಿಲೋಮೀಟರೆಂದು ತೋರಿತು. ಚಂದ್ರ ಎಂಬುದು ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ನೆನಪಿಗೆ ಇಟ್ಟ ಹೆಸರು. ಕ್ವಾರ್ಕ್ ನಕ್ಷತ್ರ ಸಿಕ್ಕಿಯೇಬಿಟ್ಟಿತೆಂದು ಹಲವರು ಹಿಗ್ಗಿದರು. ಆದರೆ ಅದೇ ನಕ್ಷತ್ರದ ದೃಶ್ಯಬೆಳಕನ್ನು ಅಳೆದರೆ ಲೆಕ್ಕ ಹೊಂದಲಿಲ್ಲ. ಅಷ್ಟು ಬೆಳಕಿಗೆ ಇನ್ನೂ ದೊಡ್ಡ ಮೈ ಬೇಕಾಗಿತ್ತು. ಇರುಳಿನಲ್ಲಿ ದೂರದಿಂದ ನೋಡುವವನಿಗೆ ದೀಪವಷ್ಟೇ ಕಾಣುತ್ತದೆ, ಗೋಪುರ ಕಾಣದು. ದೀಪದ ಅಗಲವನ್ನೇ ಗೋಪುರದ ಅಗಲವೆಂದು ತಿಳಿದರೆ ಏನಾಗುತ್ತದೆಯೋ ಅದೇ ಇಲ್ಲಿಯೂ ಆಗಿತ್ತೆಂದು ಬಹುಮಂದಿ ತರ್ಕಿಸಿದರು: ಕ್ಷಕಿರಣ ಬರುತ್ತಿದ್ದುದು ಹೆಚ್ಚು ಬಿಸಿಯಾದ ಒಂದು ಭಾಗದಿಂದ. 2007ರಲ್ಲಿ ಆ ನಕ್ಷತ್ರದಲ್ಲಿ ಏಳು ಸೆಕೆಂಡಿಗೊಮ್ಮೆ ಬರುವ ಅತಿ ಮಂದವಾದ ಮಿಡಿತವೂ ಕಂಡುಬಂದಿತು. ಮೈಯ ಬಿಸಿ ಎಲ್ಲೆಡೆ ಒಂದೇ ಸಮನಾಗಿಲ್ಲವೆಂಬುದನ್ನು ಅದು ಪುಷ್ಟೀಕರಿಸಿತು.

2022ರಲ್ಲಿ ಇನ್ನೊಂದು ನಕ್ಷತ್ರದ ಲೆಕ್ಕ ಹೊರಬಂದಿತು. ‘ಹೆಸ್ ಜೆ 1731’ ಎಂಬ ಅದು ಸೂರ್ಯನ ಮುಕ್ಕಾಲು ಪಾಲಿನಷ್ಟೇ ಭಾರ, ವ್ಯಾಸ 21 ಕಿಲೋಮೀಟರಿನ ಸುಮಾರು. ಹಗುರ, ಆದರೂ ಉಬ್ಬಿಲ್ಲ! ಬೆಲ್ಲದ ಉಂಡೆಯ ಲಕ್ಷಣ ಇದೇ ಅಲ್ಲವೆ? ಇರಬಹುದು. ಆದರೆ ಈ ಅಳತೆ ನಕ್ಷತ್ರದ ದೂರ, ಅದರ ಮೇಲಿನ ವಾಯುಪದರದಲ್ಲಿ ಇಂಗಾಲವಿದೆಯೆಂಬ ಊಹೆ ಇವುಗಳ ಮೇಲೆ ನಿಂತಿದೆ. ಊಹೆ ಸರಿದರೆ ಅಳತೆಯೂ ಸರಿಯುತ್ತದೆ.

ಎದುರು ಪಕ್ಷದ ಸಾಕ್ಷಿಗಳೂ ಬಲವಾಗಿವೆ. 2010ರಲ್ಲಿ ಒಂದು, 2013ರಲ್ಲಿ ಇನ್ನೊಂದು ಪಲ್ಸಾರು ಸೂರ್ಯನ ಸುಮಾರು ಎರಡು ಪಾಲು ಭಾರವೆಂದು ಖಚಿತವಾಯಿತು. ಕ್ವಾರ್ಕುಗಳ ಮೆದು ದ್ರವ್ಯ ಇಷ್ಟು ಭಾರವನ್ನು ಹೊರಲಾರದೆ ಕುಸಿದು ಕೃಷ್ಣಕುಹರವಾಗಬೇಕಾಗಿತ್ತು. ಹಾಗಾಗಿ ಹಲವು ಲೆಕ್ಕಗಳು ಅಲ್ಲಿಯೇ ಬಿದ್ದುಹೋದುವು, ದ್ರವ್ಯ ಗಡಸೆಂದು ಹೇಳಿದವು ಮಾತ್ರ ಉಳಿದುಕೊಂಡುವು. 2017ರ ಆಗಸ್ಟ್ 17ರಂದು ಎರಡು ನಕ್ಷತ್ರಗಳು ಡಿಕ್ಕಿ ಹೊಡೆದ ಗುರುತ್ವದ ಅಲೆಗಳು ಭೂಮಿಗೆ ತಲುಪಿದಾಗ, ಅವುಗಳ ತ್ರಿಜ್ಯ 11ರಿಂದ 13 ಕಿಲೋಮೀಟರೆಂಬ ಅಂದಾಜು ಸಿಕ್ಕಿತು. ಅಂತರಿಕ್ಷ ನಿಲ್ದಾಣದ ಮೇಲೆ 2017ರಲ್ಲಿ ಕೂರಿಸಿದ ನೈಸರ್ ಎಂಬ ಉಪಕರಣ ಅಳೆದ ಕೆಲವು ಪಲ್ಸಾರುಗಳದೂ ಬಹುಮಟ್ಟಿಗೆ ಅದೇ ಅಳತೆ. ಇನ್ನು ವೇಲಾದ ಆ ಹಳೆಯ ಜಿಗಿತ: ಗಟ್ಟಿ ಚಿಪ್ಪೂ ಒಳಗೆ ಹರಿಯುವ ದ್ರವವೂ ಇದ್ದರೆ ಅದು ಸುಲಭವಾಗಿ ಅರ್ಥವಾಗುತ್ತದೆ, ಹೊರಗೆ ತೆಳ್ಳಗಿನ ಸಿಪ್ಪೆ ಮಾತ್ರ ಇರಬಲ್ಲ ಕ್ವಾರ್ಕ್ ನಕ್ಷತ್ರದಲ್ಲಿ ಅದನ್ನು ವಿವರಿಸುವುದು ಕಷ್ಟ. ಕ್ವಾರ್ಕ್ ಪಕ್ಷದವರು ತಮ್ಮ ದ್ರವ್ಯವೇ ಹರಳುಗಟ್ಟಿರಬಹುದೆಂದು ಉತ್ತರ ಕೊಡುತ್ತಾರೆ. ಹೀಗೆ 1969ರಲ್ಲಿ ಹಾಯಿದೋಣಿಯ ಮನುಷ್ಯ ಹಿಡಿದ ಆ ಸೂಕ್ಷ್ಮ ವ್ಯತ್ಯಾಸ ಇಂದಿನ ವ್ಯಾಜ್ಯದಲ್ಲಿಯೂ ಸಾಕ್ಷಿ ನುಡಿಯುತ್ತಿದೆ.

ಇವೆರಡರ ನಡುವೆ ಒಂದು ರಾಜಿಯ ದಾರಿಯೂ ಉಂಟು. ಪೂರ್ತಿ ನಕ್ಷತ್ರವಲ್ಲದಿದ್ದರೂ ತೀರ ಭಾರವಾದ ನಕ್ಷತ್ರಗಳ ನಡುಗರ್ಭದಲ್ಲಿ ಮಾತ್ರ ಗೋಡೆಗಳು ಉರುಳಿ ಕ್ವಾರ್ಕುಗಳ ತಿರುಳು ಕೂಡಿರಬಹುದು. 2020ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಇದಕ್ಕೆ ಒತ್ತಾಸೆ ಕೊಟ್ಟಿತು. ಹಾಗಿದ್ದರೂ ಕಬ್ಬಿಣಕ್ಕಿಂತ ಭದ್ರವಾದ ದ್ರವ್ಯವುಂಟೆ ಎಂಬ ವಿಟ್ಟನ್ನನ ಪ್ರಶ್ನೆ ಬೇರೆಯಾಗಿಯೇ ಉಳಿಯುತ್ತದೆ.

2024ರ ಜನವರಿ 1ರಂದು ಭಾರತದ ಬಾಹ್ಯಾಕಾಶ ಸಂಸ್ಥೆ ಎಕ್ಸ್‌ಪೋಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿತು. ಅದರೊಳಗಿನ ಪೋಲಿಕ್ಸ್ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ರಾಧಾಕೃಷ್ಣನ್ ರೇಡಿಯೋ ಅಲೆಗಳಲ್ಲಿ ಅಳೆದ ಆ ಅದಿರಾಟದ ದಿಕ್ಕನ್ನೇ ಇದು ಕ್ಷಕಿರಣಗಳಲ್ಲಿ ಅಳೆಯುತ್ತದೆ. ಅದು ಮೊದಲು ನೋಡಿದ್ದರಲ್ಲಿ ಏಡಿಯ ಪಲ್ಸಾರೂ ಒಂದು.

ನೂರಾರು, ಸಾವಿರಾರು ಜ್ಯೋತಿರ್ವರ್ಷಗಳಾಚೆ ಇರುವ ಗೋಳದ ಅಗಲವನ್ನು ಕಿಲೋಮೀಟರುಗಳ ಲೆಕ್ಕದಲ್ಲಿ ಹಿಡಿಯುವ ಈ ಕೆಲಸ ಸಣ್ಣದಲ್ಲ. ಆದರೂ ಅದು ಇನ್ನೂ ಸಾಲದು. ಹೊನ್ನಾವರದಿಂದ ಮಂಕಿಯ ಕಡೆಗೆ ಬಸ್ಸಿನಲ್ಲಿ ಹೋಗುವವರು ಕಿಟಕಿಯ ಹೊರಗೆ ಕಣ್ಣು ಹಾಯಿಸುವಷ್ಟರಲ್ಲಿ ಕಳೆದುಹೋಗುವ ಏಳೆಂಟು ಕಿಲೋಮೀಟರುಗಳ ಅಂತರವದು. ಕಬ್ಬಿಣವೂ ಚಿನ್ನವೂ ದ್ರವ್ಯದ ಕೊನೆಯ ನೆಲೆಯೋ, ನಡುವಿನ ಮೆಟ್ಟಲೋ ಎಂಬುದು ಆ ಅಂತರದೊಳಗೆ ಅಡಗಿದೆ.